ಜ್ಞಾನೇಶ್ವರ ಹದಿನಾರಕ್ಕೆ ಇಳಿಸಿದ್ದು

ಬನಹಟ್ಟಿಯ ಜ್ಞಾನೇಶ್ವರ ಮದುವೆಯಾದಾಗಿನಿಂದ ಸಂಸಾರವನ್ನು ಒಂದೇ ಒಂದು ನೆಪದ ಮೇಲೆ ನಡೆಸಿಕೊಂಡು ಬಂದಿದ್ದ. 'ಮಷಿನ್ ಸ್ಲೋ ಐತಿ' ಎಂಬುದೇ ಆ ನೆಪ. ಸಂತೆಗೆ ಹೋಗಬೇಕಾದಾಗ, ಗ್ಯಾಸ್ ಸಿಲಿಂಡರಿಗೆ ಫೋನು ಮಾಡಬೇಕಾದಾಗ, ಹೆಂಡತಿಯ ತವರಿನವರು ಬಂದು ಕೂತು 'ಅಳಿಯಂದ್ರು ಎಲ್ಲಿ' ಎಂದಾಗ, ಎಲ್ಲಕ್ಕೂ ಒಳಕೋಣೆಯಿಂದ ಅದೇ ಉತ್ತರ ಬರುತ್ತಿತ್ತು. ಮಷಿನ್ ಎಂದರೆ ಅವನ ಕಂಪ್ಯೂಟರು. ಸೀರೆಯ ಅಂಚು, ಸೆರಗಿನ ಚಿತ್ರಗಳನ್ನು ಅದರಲ್ಲಿ ಚೌಕ ಚೌಕವಾಗಿ ತುಂಬಿ, ಪೆನ್‌ಡ್ರೈವಿಗೆ ಹಾಕಿ, ಮಗ್ಗದವರಿಗೆ ಕೊಡುವುದು ಅವನ ಕಸುಬು. ಮಗ್ಗದ ಮೇಲಿನ ಪೆಟ್ಟಿಗೆಗೆ ಆ ಪೆನ್‌ಡ್ರೈವ್ ಸಿಕ್ಕಿಸಿದರೆ ಅದು ಓದಿಕೊಂಡು, ಎಳೆಗಳನ್ನು ಎತ್ತಿ ಇಳಿಸಿ, ಚಿತ್ರವನ್ನು ಸೀರೆಯ ಮೇಲೆ ನೇಯುತ್ತದೆ.

ನೆಪ ಪೂರ್ತಿ ಸುಳ್ಳೂ ಅಲ್ಲ. ಒಂದು ನವಿಲನ್ನು ತೆರೆ ಎಂದು ಕಂಪ್ಯೂಟರಿಗೆ ಹೇಳಿದರೆ ಪರದೆಯ ಮೇಲೆ ಸಣ್ಣ ಚಕ್ರವೊಂದು ತಿರುಗಲು ಶುರುವಾಗುತ್ತಿತ್ತು. ಅವನ ಹೆಂಡತಿ ಕಾವೇರಿ ಅಡುಗೆಮನೆಯಲ್ಲಿ ಹಿಟ್ಟು ನಾದಿ, ರೊಟ್ಟಿ ಬಡಿದು, ಬೇಯಿಸಿ ತೆಗೆಯುವ ಹೊತ್ತಿಗೆ ಇಲ್ಲಿ ನವಿಲಿನ ಕೊಕ್ಕು ಕಾಣಿಸುತ್ತಿತ್ತು. ಪುಚ್ಛ ಕಾಣಬೇಕಾದರೆ ಪಲ್ಯವೂ ಆಗಬೇಕಿತ್ತು.

ಈ ನಿಧಾನಕ್ಕೆ ಮದ್ದು ಹುಡುಕುವುದರಲ್ಲಿ ಜ್ಞಾನೇಶ್ವರ ಹಿಂದೆ ಬಿದ್ದವನಲ್ಲ. ಕಂಪ್ಯೂಟರನ್ನು ಚುರುಕು ಮಾಡುವುದು ಹೇಗೆಂಬ ವಿಡಿಯೋಗಳನ್ನು ಅದೇ ಕಂಪ್ಯೂಟರಿನಲ್ಲಿ ಹಗಲೆಲ್ಲ ನೋಡುತ್ತಿದ್ದ. ಒಂದು ಮುಗಿಯುವ ಮೊದಲೇ ಇನ್ನೊಂದನ್ನು ತೆರೆಯುತ್ತಿದ್ದ. ತೆರೆದದ್ದನ್ನು ಮುಚ್ಚುವ ಅಭ್ಯಾಸ ಮಾತ್ರ ಅವನಿಗೆ ಹುಟ್ಟಿನಿಂದಲೂ ಇರಲಿಲ್ಲ. ಡಬ್ಬಿಯ ಮುಚ್ಚಳ, ಬಚ್ಚಲಿನ ಬಾಗಿಲು, ಎಲ್ಲವನ್ನೂ ಅವನ ಹಿಂದೆಯೇ ಕಾವೇರಿ ಮುಚ್ಚಿಕೊಂಡು ಬರಬೇಕಿತ್ತು.

ಕಾವೇರಿ ಮುಧೋಳದ ಕಡೆಯವಳು. ಅವಳ ಅಪ್ಪ ಹುಲೆಪ್ಪ ತಿಮ್ಮಾಪುರದಲ್ಲಿ ಮುಧೋಳ ನಾಯಿ ಸಾಕುವ ಕೇಂದ್ರದಲ್ಲಿ ಕೆಲಸಕ್ಕಿದ್ದ. ತನ್ನ ಸೀರೆಯ ಅಂಚಿನ ಗುಂಟ ಮುಧೋಳ ನಾಯಿಗಳು ಸಾಲಾಗಿ ಓಡಬೇಕು, ಅದನ್ನು ತನ್ನ ಗಂಡನೇ ಬರೆದಿರಬೇಕು ಎಂಬುದು ಅವಳ ಬಹುದಿನದ ಆಸೆ. "ನವಿಲು, ಹಂಸ ಎಲ್ಲಾರ ಸೀರಿಮ್ಯಾಲೂ ಇರ್ತಾವ್ರಿ. ನಾವು ಉಂಡ ಅನ್ನ ಆ ನಾಯಿಗೋಳು ಕೊಟ್ಟದ್ದು" ಎನ್ನುತ್ತಿದ್ದಳು. ಜ್ಞಾನೇಶ್ವರ ಪ್ರತಿ ಸಲವೂ, "ಮಾಡೂಣು. ಈಗ ಮಷಿನ್ ಸ್ಲೋ ಐತಿ" ಎನ್ನುತ್ತಿದ್ದ. ಹುಲೆಪ್ಪ ಬಂದಾಗಲೆಲ್ಲ, "ಅಳಿಯಂದ್ರ, ನಮ್ಮ ನಾಯಿ ಮೊಲದ ಹಿಂದ ಓಡ್ತಾವು, ನಿಮ್ಮ ಮಷಿನ್ ಆಮಿ ಹಿಂದ ಓಡ್ತೈತೇನ್ರಿ?" ಎಂದು ನಗುತ್ತಿದ್ದ.

ಈ ಸಲ ಆಮೆಯ ಆಟ ನಡೆಯುವಂತಿರಲಿಲ್ಲ. ಕಾವೇರಿಯ ತಂಗಿ ಮಾದೇವಿಯ ನಿಶ್ಚಯ ನಾಳೆ ಮಧ್ಯಾಹ್ನ ಮುಧೋಳದಲ್ಲಿತ್ತು. ಗಂಡಿನ ಕಡೆಯವರು ಜಮಖಂಡಿಯವರು. ಸಂಜೆಯ ಬಸ್ಸಿಗೆ ಗಂಡ ಹೆಂಡತಿ ಹೊರಡಬೇಕು. ಗಂಡ ಬರೆದ ಸೀರೆ ಉಟ್ಟು ಬರುತ್ತೇನೆ, ಅಂಥದ್ದು ಜಗತ್ತಿನಲ್ಲಿ ಇನ್ನೊಂದಿಲ್ಲ ಎಂದು ಕಾವೇರಿ ತವರಿನ ಓಣಿಗೆಲ್ಲ ಫೋನು ಮಾಡಿ ಹೇಳಿಯಾಗಿತ್ತು. ಸೀರೆ ವ್ಯಾಪಾರಿ ಶಂಕರೆಪ್ಪ ನೇಯಿಸಿಕೊಡಲು ಒಪ್ಪಿದ್ದ. ಹೊಸ ಚಿತ್ರದ ಮೊದಲ ಸೀರೆಯನ್ನು ಅವರ ಮನೆತನದಲ್ಲಿ ಮಾರುತ್ತಿರಲಿಲ್ಲ. ಯಾವುದಾದರೂ ಮಂಗಳ ಕಾರ್ಯದಲ್ಲಿ ಮುತ್ತೈದೆಯೊಬ್ಬಳು ಅದನ್ನು ಉಡಬೇಕು, ಆಮೇಲೆಯೇ ವ್ಯಾಪಾರ. ಆ ಮುತ್ತೈದೆ ಈ ಸಲ ಕಾವೇರಿ. ಆದರೆ ಮಧ್ಯಾಹ್ನದೊಳಗೆ ಪೆನ್‌ಡ್ರೈವ್ ಮಗ್ಗಕ್ಕೆ ಬಂದರೆ ಮಾತ್ರ ಸಂಜೆಗೆ ಸೀರೆ ಎಂದು ಶಂಕರೆಪ್ಪ ಖಡಕ್ಕಾಗಿ ಹೇಳಿದ್ದ.

"ನೋಡ್ರಿ" ಎಂದಳು ಕಾವೇರಿ, ಬೆಳಗಿನ ಚಹಾ ಕೊಡುತ್ತ. "ಸೀರಿ ಬಂತಂದ್ರ ಇಬ್ಬರೂ ಹೋಗೂಣು. ಬರಲಿಲ್ಲಂದ್ರ ನಾ ಹಳೇದು ಉಟಗೊಂಡು ಒಬ್ಬಾಕಿನ ಹೋಗ್ತೇನಿ. ನೀವು ನಿಮ್ಮ ಮಷಿನ್ ಜೋಡಿ ಇಲ್ಲೇ ಇರ್ರಿ."

ಈ ಮಾತು ಜ್ಞಾನೇಶ್ವರನಿಗೆ ಚುರುಕು ಮುಟ್ಟಿಸಿತು. ಅವನು ಆ ಮನೆಯ ಹಿರಿಯ ಅಳಿಯ. ನಿಶ್ಚಯದಲ್ಲಿ ಹಿರಿಯ ಅಳಿಯನಿಗೆ ಮುಂದಿನ ಸಾಲಿನ ಕುರ್ಚಿ, ತಲೆಗೆ ರುಮಾಲು, ಅತ್ತೆಯೇ ನಿಂತು ಬಡಿಸುವ ಶೇಂಗಾ ಹೋಳಿಗೆ, ಮೇಲೆ ತುಪ್ಪ. ಮಾವನ ಎದುರು ಸೀರೆಯನ್ನು ತೋರಿಸಿ, 'ಮಾವಾರ, ಆಮಿ ಹೆಂಗ ಓಡೇತಿ ನೋಡ್ರಿ' ಎನ್ನುವ ಮಾತನ್ನೂ ಅವನು ತಯಾರು ಮಾಡಿ ಇಟ್ಟುಕೊಂಡಿದ್ದ. ಹೋಳಿಗೆಯನ್ನಾದರೂ ಬಿಟ್ಟಾನು, ಆ ಮಾತನ್ನು ಬಿಡಲಾರ.

ಹಾಗಾದರೆ ಕೂತು ಕೆಲಸ ಮಾಡಬೇಕು ತಾನೆ? ಅವನು ಕೂತು ಇನ್ನೊಂದು ವಿಡಿಯೋ ನೋಡಿದ.

ಅದರಲ್ಲಿ ಗಡ್ಡದವನೊಬ್ಬ ಹೇಳಿದ್ದು ಇಷ್ಟು. ಕಂಪ್ಯೂಟರಿನ ಮೆಮರಿಗೆ ಏನಾದರೂ ಕೇಳಿದರೆ ಅದು ಕೂಡಲೇ ಕೊಡುವುದಿಲ್ಲ. ಇಂತಿಷ್ಟು ತಾಳ ಎಣಿಸಿ ಆಮೇಲೆ ಕೊಡುತ್ತದೆ. ಈ ಕಾಯುವಿಕೆಗೆ ಲೇಟೆನ್ಸಿ ಎಂದು ಹೆಸರು. ನಿಮ್ಮ ಮೆಮರಿ ಇಪ್ಪತ್ತೆರಡು ತಾಳ ಎಣಿಸುತ್ತಿದ್ದರೆ ಅದನ್ನು ಹದಿನಾರಕ್ಕೆ ಇಳಿಸಬಹುದು, ಕಂಪ್ಯೂಟರು ಬಾಣದ ಹಾಗೆ ಹೋಗುತ್ತದೆ. "ಆದರೆ ಒಂದು ಮಾತು ನೆನಪಿಡಿ" ಎಂದು ಅವನು ಬೆರಳೆತ್ತಿದ. ಅಷ್ಟರಲ್ಲಿ ಜ್ಞಾನೇಶ್ವರ ಎದ್ದು ಕಂಪ್ಯೂಟರನ್ನು ಆರಿಸಿ ಹಚ್ಚಿಯಾಗಿತ್ತು.

ನೇಕಾರರ ಮನೆಯಲ್ಲಿ ಹುಟ್ಟಿದವನಿಗೆ ಮಗ್ಗ ಸುಮ್ಮನೆ ನಿಂತರೆ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತದೆ. ತನ್ನದೇ ಮನೆಯಲ್ಲಿ, ತನ್ನದೇ ಕರೆಂಟು ತಿನ್ನುತ್ತ, ಈ ಮೆಮರಿ ಪ್ರತಿ ಮಾತಿಗೂ ಇಪ್ಪತ್ತೆರಡು ಎಣಿಸಿಕೊಂಡು ಕೂತಿತ್ತೆಂಬುದು ಅವನಿಗೆ ಸಹಿಸಲಾಗಲಿಲ್ಲ. ಕಂಪ್ಯೂಟರು ಏಳುವಾಗ ಒತ್ತಬೇಕಾದ ಕೀಲಿ ಒತ್ತಿ, ಒಳಗಿನ ನೀಲಿ ಪರದೆಗೆ ಹೋಗಿ, ಇಪ್ಪತ್ತೆರಡನ್ನು ಅಳಿಸಿ ಹದಿನಾರು ಎಂದು ಬರೆದ.

ಪರದೆ ಕಪ್ಪಾಯಿತು. ಡಬ್ಬದೊಳಗಿನಿಂದ ಕೀಂಯ್ ಕೀಂಯ್ ಎಂದು ಕೂಗು ಶುರುವಾಯಿತು.

ಆ ಕೂಗಿಗೆ ಮೊದಲು ಬಂದವಳು ಪಕ್ಕದ ಹಿಟ್ಟಿನ ಗಿರಣಿಯ ಸುಂದರವ್ವ. ಓಣಿಯಲ್ಲಿ ಯಾರ ಮನೆಯಲ್ಲಿ ಏನು ಸಪ್ಪಳವಾದರೂ, ಗಿರಣಿಯ ಗದ್ದಲದ ನಡುವೆಯೂ, ಅವಳಿಗೆ ಕೇಳಿಸುತ್ತಿತ್ತು. ಕೈಗೆ ಹಿಟ್ಟು ಮೆತ್ತಿಕೊಂಡೇ ಬಂದು ಡಬ್ಬದ ಮೇಲೆ ಕೈಯಿಟ್ಟು ನೋಡಿ, "ತಮ್ಮಾ, ಇದಕ್ಕ ಥಂಡಿ ಆಗೈತಿ. ಒಂದು ಕೌದಿ ಹೊಚ್ಚು" ಎಂದಳು.

"ಸುಂದರಕ್ಕಾ, ಇದು ಕಂಪ್ಯೂಟರ್‌ರೀ."

"ಏನರ ಇರಲಿ. ನರಳೂದಂದ್ರ ಒಂದ ನಮೂನಿ ಇರ್ತೈತಿ."

ಎರಡನೆಯವನು ಎದುರಿನ ನೀಲಕಂಠ. ಮೋಟರ್ ವೈಂಡಿಂಗ್ ಅವನ ವೃತ್ತಿ, ಉಳಿದವರ ಯಂತ್ರಗಳನ್ನು ಬಿಚ್ಚುವುದು ಹವ್ಯಾಸ. ಜ್ಞಾನೇಶ್ವರನ ಜೊತೆ ಶಾಲೆ ಕಲಿತವನು. ಯಾರಾದರೂ ಕರೆಯುವ ಮೊದಲೇ ಸ್ಕ್ರೂಡ್ರೈವರ್ ಹಿಡಿದು ಬಂದಿದ್ದ.

"ಏನ ಮಾಡಿದಿ ಲೇ?"

"ಏನಿಲ್ಲಪಾ. ಇಪ್ಪತ್ತೆರಡು ಇದ್ದದ್ದನ್ನ ಹದಿನಾರು ಮಾಡೇನಿ."

"ಯಾರನ್ನ ಕೇಳಿ ಮಾಡಿದಿ?"

"ವಿಡಿಯೋದಾಗ ಹೇಳಿದ್ರು."

"ವಿಡಿಯೋದಾಗ ಮಗ್ಗದ ಮ್ಯಾಲಿಂದ ಜಿಗಿ ಅಂದ್ರ ಜಿಗೀತಿಯೇನು?" ಎನ್ನುತ್ತಲೇ ನೀಲಕಂಠ ಡಬ್ಬದ ಮಗ್ಗುಲು ಬಿಚ್ಚಿದ. ಒಳಗಿನ ಗುಂಡನೆಯ ಬ್ಯಾಟರಿ ತೆಗೆದು ಅಂಗೈಯಲ್ಲಿ ಹಿಡಿದುಕೊಂಡು, "ಇದನ್ನ ತಗದ್ರ ಮಾಡಿದ್ದೆಲ್ಲಾ ಮರೀತೈತಿ" ಎಂದ. ಅಂಥದ್ದೊಂದು ಬ್ಯಾಟರಿ ತನ್ನ ಗಂಡನಿಗೂ ಇದ್ದಿದ್ದರೆ ಎಷ್ಟು ಛಲೋ ಇತ್ತೆಂದು ಸುಂದರವ್ವ ನಿಟ್ಟುಸಿರಿಟ್ಟಳು. ಆಮೇಲೆ ನೀಲಕಂಠ ಮೆಮರಿಯ ಪಟ್ಟಿಗಳನ್ನು ಕಿತ್ತು, ಪೆನ್ಸಿಲ್ ಅಳಿಸುವ ರಬ್ಬರಿನಿಂದ ಅವುಗಳ ಹಲ್ಲು ಉಜ್ಜಿ, ಉಫ್ ಎಂದು ಊದಿ ಮತ್ತೆ ಕೂಡಿಸಿದ. ಕಂಪ್ಯೂಟರು ಕೂಗು ನಿಲ್ಲಿಸಿ ಎದ್ದು ಕೂತಿತು. ಮೆಮರಿ ಮತ್ತೆ ಇಪ್ಪತ್ತೆರಡಕ್ಕೆ ಬಂದಿತ್ತು.

"ಇನ್ನ ಮುಟ್ಟಬ್ಯಾಡ" ಎಂದು ನೀಲಕಂಠ ಮಗ್ಗುಲ ತಗಡನ್ನು ಮುಚ್ಚಿ ಹೋದ.

ಮುಟ್ಟಬೇಡ ಎಂದ ಮೇಲೆ ಮುಟ್ಟದಿರಲು ಜ್ಞಾನೇಶ್ವರನೇನು ಸನ್ಯಾಸಿಯೆ? ರಬ್ಬರಿನಿಂದ ಉಜ್ಜಿಯಾಗಿದೆ, ಈಗ ನಡೆಯಬಹುದು ಎಂದು ಇನ್ನೊಮ್ಮೆ ನೀಲಿ ಪರದೆಗೆ ಹೋಗಿ ಹದಿನಾರು ಬರೆದ. ಈ ಸಲ ಕೂಗು ಬರಲಿಲ್ಲ. ಕಂಪ್ಯೂಟರು ಸಾಧುವಾಗಿ ಎದ್ದಿತು. ಕೈಗಂಟಿದ ಧೂಳು ತೊಳೆಯಲು ಬಚ್ಚಲಿಗೆ ಹೋದ. ಅವನು ಅಲ್ಲಿಂದ, "ಎದ್ದೈತೇನು ನೋಡ ಕಾವೇರಿ" ಎಂದು ಕೂಗಿದ್ದಕ್ಕೆ ಕಾವೇರಿ ಹೋಗಿ ನೋಡಿದಳು.

"ಎದ್ದೈತ್ರಿ. ಏನೋ ಒಂದು ಕೇಳಾಕತ್ತಿತ್ತು. ಬ್ಯಾಡ ಅಂತ ಒತ್ತೇನಿ."

"ಛಲೋ ಮಾಡಿದಿ" ಎಂದ ಜ್ಞಾನೇಶ್ವರ, ಏನೆಂದು ಕೇಳದೆ.

ಆಮೇಲೆ ನಡೆದದ್ದನ್ನು ಅವನು ಸಾಯುವತನಕ ಮರೆಯಲಾರ. ಹಳೆಯ ನವಿಲೊಂದನ್ನು ತೆರೆದು ನೋಡಿದ. ಒತ್ತಿದ್ದೇ ತಡ, ಕೊಕ್ಕಿನಿಂದ ಪುಚ್ಛದವರೆಗೆ ಇಡೀ ನವಿಲು ಬಂದು ನಿಂತಿತು. ಚಕ್ರ ತಿರುಗಲೇ ಇಲ್ಲ. ಮುಚ್ಚಿದ, ಮತ್ತೆ ತೆರೆದ. ಮತ್ತೆ ನಿಂತಿತು. ಅವನು ಹೊರಗೆ ಓಡಿ ಸುಂದರವ್ವನನ್ನು ಕರೆದ, ನೀಲಕಂಠನನ್ನು ಕರೆದ, ಬೀಸಲು ಜೋಳ ತಂದು ಗಿರಣಿಯ ಮುಂದೆ ಕೂತಿದ್ದ ಹೆಂಗಸರನ್ನೂ ಕರೆದ. ಎಲ್ಲರೆದುರು ನವಿಲನ್ನು ತೆರೆದು ಮುಚ್ಚಿ, ತೆರೆದು ಮುಚ್ಚಿ ತೋರಿಸಿದ. ಅರ್ಧ ಮುಂಜಾನೆ ಹಾಗೇ ಹೋಯಿತು.

"ಆರು ತಾಳ ಕಡಿಮಿ ಮಾಡಿದ್ದಕ್ಕ ಇಷ್ಟು ಫರಕ್ ಆಗೂದಿಲ್ಲ ಲೇ" ಎಂದ ನೀಲಕಂಠ, ಗಡ್ಡ ಕೆರೆಯುತ್ತ. "ಆ ತಾಳ ಅಂದ್ರ ಕಣ್ಣ ಪಿಳುಕಿಸೂದರ ಲಕ್ಷದಾಗ ಒಂದು ಪಾಲೂ ಅಲ್ಲ. ಮತ್ತೇನೋ ಐತಿ."

"ನಿನಗ ಹೊಟ್ಟಿಕಿಚ್ಚು" ಎಂದ ಜ್ಞಾನೇಶ್ವರ. ಮಾತು ಅಲ್ಲಿಗೇ ಮುಗಿಯಿತು.

ಅವನು ನಾಯಿ ಬರೆಯಲು ಕೂತ. ಬಿಸಿಲು ಏರಿತ್ತು. ಪತ್ರಾಸಿನ ಮನೆ, ಮೇಲಿನ ತಗಡು ಕಾದು ಒಳಗೆ ಒಲೆಯ ಮುಂದೆ ಕೂತಂತಿತ್ತು. ಕಂಪ್ಯೂಟರಿನ ಡಬ್ಬ ಮುಟ್ಟಿದರೆ ಕೈ ಸುಡುತ್ತಿತ್ತು. ಜ್ಞಾನೇಶ್ವರ ಯಾವುದನ್ನೂ ಲೆಕ್ಕಿಸದೆ ಉದ್ದ ಮೂತಿ, ಸಣ್ಣ ಸೊಂಟ, ಬಿಲ್ಲಿನಂಥ ಬಾಲ, ನಾಲ್ಕು ಕಾಲು ಬರೆದು ಒಂದು ನಾಯಿ ಮುಗಿಸಿದ. ಖರೆ ಹೇಳಬೇಕೆಂದರೆ ನಾಯಿ ಓಡುತ್ತಿರಲಿಲ್ಲ, ಪಂಚಾಯ್ತಿಯವರು ಬರಲೆಂದು ಕಾಯುತ್ತ ನಿಂತಂತಿತ್ತು. ತಿದ್ದಲು ಹೊತ್ತಿರಲಿಲ್ಲ. ಆ ಒಂದನ್ನೇ ಅಂಚಿನ ಗುಂಟ ಸಾಲಾಗಿ ಹಚ್ಚು ಎಂದು ಕಂಪ್ಯೂಟರಿಗೆ ಅಪ್ಪಣೆ ಕೊಟ್ಟು, ಪೆನ್‌ಡ್ರೈವಿಗೆ ಉಳಿಸಿ, ಸ್ಕೂಟಿ ಹತ್ತಿ ಶಂಕರೆಪ್ಪನ ಕಾರ್ಖಾನೆಗೆ ಮುಟ್ಟಿಸಿದ. ಮಧ್ಯಾಹ್ನ ಆಗಿರಲಿಲ್ಲ. "ಇವತ್ತ ಸೂರ್ಯ ಎಲ್ಲಿ ಹುಟ್ಟಿದ್ದ?" ಎಂದ ಶಂಕರೆಪ್ಪ.

ಹೊತ್ತು ಇಳಿಯುವಾಗ ಕಾರ್ಖಾನೆಯಿಂದ ಫೋನು ಬಂತು. "ಸೀರಿ ಇಳದೈತಿ. ಕಾವೇರಿನ್ನ ಕರ್ಕೊಂಡು ಲಗೂ ಬಾ" ಎಂದ ಶಂಕರೆಪ್ಪ. ಅವನ ದನಿಯಲ್ಲಿ ಏನೋ ಒಂದು ಇತ್ತು. ಕಾವೇರಿ ಊರಿಗೆ ಹೋಗುವ ಚೀಲವನ್ನು ಹೊಸ್ತಿಲ ಬಳಿ ಇಟ್ಟು ಹೊರಟಳು. ಸುಂದರವ್ವ ಗಿರಣಿ ನಿಲ್ಲಿಸಿ ಹೊರಟಳು. ನೀಲಕಂಠ ತನ್ನನ್ನು ಯಾರೂ ಕರೆಯಲಿಲ್ಲವೆಂಬುದನ್ನು ಮನಸ್ಸಿಗೆ ಹಚ್ಚಿಕೊಳ್ಳದೆ ಹೊರಟ.

ಕಾರ್ಖಾನೆಯ ಕಟ್ಟೆಯ ಮೇಲೆ ಸೀರೆಯನ್ನು ಹಾಸಿದ್ದರು. ದಾಳಿಂಬೆ ಬಣ್ಣದ ಒಡಲು, ಕರಿಯ ಅಂಚು, ಅಂಚಿನಲ್ಲಿ ಬಂಗಾರದ ಬಣ್ಣದ ನಾಯಿಗಳ ಸಾಲು. ಜ್ಞಾನೇಶ್ವರ ಬಗ್ಗಿ ನೋಡಿದ. ನೋಡಿದವನು ಕಣ್ಣುಜ್ಜಿಕೊಂಡು ಇನ್ನೊಮ್ಮೆ ನೋಡಿದ. ಒಂದೊಂದು ನಾಯಿಗೂ ಎಂಟೆಂಟು ಕಾಲು.

ಬರೆದ ನಾಲ್ಕು ಕಾಲು ತಮ್ಮ ಜಾಗದಲ್ಲೇ ಇದ್ದವು. ಅವುಗಳ ಪಕ್ಕ, ಅರ್ಧ ಹೆಜ್ಜೆ ಮುಂದೆ ಸರಿದು, ತುಸು ಓರೆಯಾಗಿ, ಇನ್ನೂ ನಾಲ್ಕು.

ನೀಲಕಂಠ ಅವನ ಕಿವಿಯ ಬಳಿ ಬಂದು, "ಹದಿನಾರು" ಎಂದ. "ಲಾಳಿ ಹೊರಗ ಬರೂದ್ರಾಗ ಎಳಿ ಇಳಿಸಿದ್ರ ಅರಿವಿ ಕೆಡ್ತೈತೋ ಇಲ್ಲೋ? ಹಂಗ. ಮೆಮರಿ ತಯಾರಾಗೂದ್ರಾಗ ನೀ ಕೇಳಿದಿ. ಅದು ಕೈಗೆ ಸಿಕ್ಕದ್ದು ಕೊಟ್ಟೈತಿ. ಮ್ಯಾಲ ಕಾದ ತಗಡು ಬ್ಯಾರೆ." ಜ್ಞಾನೇಶ್ವರ ಅವನ ಕಾಲು ತುಳಿದ.

ಕಾವೇರಿ ಸೀರೆಯನ್ನೇ ನೋಡುತ್ತಿದ್ದಳು. ಜ್ಞಾನೇಶ್ವರನ ಕಣ್ಣ ಮುಂದೆ ರುಮಾಲು, ಕುರ್ಚಿ, ತುಪ್ಪ ಒಂದೊಂದಾಗಿ ದೂರ ಹೋದವು. ತಪ್ಪಾಯಿತೆಂದು ಹೇಳಿಬಿಡಬೇಕೆಂದು ಅವನು ಬಾಯಿ ತೆರೆದೂ ತೆರೆದ.

ಅಷ್ಟರಲ್ಲಿ ಒಳಗಿನಿಂದ ಶಂಕರೆಪ್ಪನ ತಾಯಿ ಮುದಕವ್ವ ಕೋಲೂರಿಕೊಂಡು ಬಂದಳು. ಆ ಕಾರ್ಖಾನೆಯಲ್ಲಿ ಯಾವ ಚಿತ್ರ ಉಳಿಯಬೇಕು, ಯಾವುದು ಕಸಕ್ಕೆ ಹೋಗಬೇಕು ಎಂಬುದು ಇವತ್ತಿಗೂ ಅವಳ ಮಾತಿನ ಮೇಲೆಯೇ. ನವಿಲುಗಳನ್ನು ನೋಡಿ ನೋಡಿ ಬೇಸತ್ತು, 'ಇವೆಲ್ಲಾ ಹಳ್ಳದ ಕೋಳಿ' ಎಂದು ಒಗೆಯುವ ಮುದುಕಿ. ದಪ್ಪ ಕನ್ನಡಕ ಏರಿಸಿ, ಬಗ್ಗಿ, ಅಂಚಿನ ಗುಂಟ ಬೆರಳಾಡಿಸುತ್ತ ಕಟ್ಟೆಯ ಈ ತುದಿಯಿಂದ ಆ ತುದಿಗೆ ನಡೆದಳು.

"ಅವ್ವಾ, ಎಂಟು ಕಾಲು ಅದಾವು" ಎಂದ ಶಂಕರೆಪ್ಪ.

"ನನಗ ಕಣ್ಣ ಅದಾವಪಾ" ಎಂದಳು ಮುದಕವ್ವ. "ನಿಂತ ನಾಯಿಗೆ ನಾಕು. ಓಡೂ ನಾಯಿಗೆ ಎಂಟು. ಓಡೂ ನಾಯಿ ಕಾಲು ನಾಕಂತ ಯಾವ ಮಗ ಎಣಿಸ್ಯಾನ? ಇದು ಓಡಾಕತ್ತೈತಿ. ಇಷ್ಟು ವರ್ಷಕ್ಕ ನಮ್ಮ ಮಗ್ಗದಾಗ ಒಂದು ಜೀವ ಇದ್ದ ಚಿತ್ರಾ ಬಂತು."

ಎಲ್ಲರೂ ಮತ್ತೊಮ್ಮೆ ಬಗ್ಗಿ ನೋಡಿದರು. ಹೌದು, ನಾಯಿಗಳು ಓಡುತ್ತಿದ್ದವು.

ಕಾವೇರಿಯ ಕಣ್ಣು ತುಂಬಿಬಂದಿತ್ತು. "ನಮ್ಮಪ್ಪ ಬಯಲಿಗೆ ಬಿಟ್ಟಾಗ ಹಿಂಗ ಓಡ್ತಾವ್ರಿ" ಎಂದಳು ಗಂಡನ ಕಡೆ ತಿರುಗಿ. "ಸಣ್ಣಾಕಿದ್ದಾಗ ಕಾಲು ಎಣಸಾಕ ನೋಡ್ತಿದ್ದೆ, ಆಗ್ತಿದ್ದಿಲ್ಲ. ನಿಮಗ ಹೆಂಗ ಗೊತ್ತಾತ್ರಿ?"

ಮದುವೆಯಾದಾಗಿನಿಂದ ಆ ನೋಟ ಅವನ ಪಾಲಿಗೆ ಬಂದಿರಲಿಲ್ಲ. ಜ್ಞಾನೇಶ್ವರ ತೆರೆದ ಬಾಯನ್ನು ಮುಚ್ಚಿದ. ಅವನು ಹುಟ್ಟಿದ ಮೇಲೆ ತೆರೆದದ್ದನ್ನು ತಾನಾಗಿ ಮುಚ್ಚಿದ್ದು ಅದೇ ಮೊದಲು. "ಏನೋ, ಹಂಗ ಮನಸಿಗೆ ಬಂತು" ಎಂದ ಸಣ್ಣಗೆ. ನೀಲಕಂಠ ಕೆಮ್ಮಿದ. ಅವನ ಕಾಲಿಗೆ ಇನ್ನೊಂದು ತುಳಿತ ಬಿತ್ತು.

ಮನೆಗೆ ಬಂದವನು ಮೊದಲು ಮಾಡಿದ ಕೆಲಸ, ನೀಲಕಂಠನನ್ನು ಕೂಡಿಸಿಕೊಂಡು ಹದಿನಾರನ್ನು ಮತ್ತೆ ಇಪ್ಪತ್ತೆರಡು ಮಾಡಿದ್ದು. ದೇವರು ಒಮ್ಮೆ ಕೈ ಹಿಡಿದನೆಂದು ದಿನಾ ಹಿಡಿಯುವುದಿಲ್ಲ. ಕಾದ ಡಬ್ಬ ಆರಲೆಂದು ನೀಲಕಂಠ ಮಗ್ಗುಲ ತಗಡನ್ನು ತೆಗೆದಿಟ್ಟು ಟೇಬಲ್ ಫ್ಯಾನು ಹಚ್ಚಿದ. ನವಿಲನ್ನು ತೆರೆದು ನೋಡಿದರು. ಒತ್ತಿದ್ದೇ ತಡ, ಇಪ್ಪತ್ತೆರಡರಲ್ಲೂ ನವಿಲು ಅಷ್ಟೇ ಬೇಗ ಬಂದು ನಿಂತಿತು. ಇಬ್ಬರೂ ಮುಖ ಮುಖ ನೋಡಿಕೊಂಡರು.

"ನಿಮ್ಮ ವಿಡಿಯೋ ಎಲ್ಲಾ ನಾನ ಮುಚ್ಚೇನ್ರಿ" ಎಂದಳು ಕಾವೇರಿ, ಕನ್ನಡಿಯ ಮುಂದೆ ಹೊಸ ಸೀರೆಯ ನೆರಿಗೆ ಹಿಡಿಯುತ್ತ. "ಮುಂಜಾನೆ ಅದ ಕೇಳಿದ್ದು. ಹಿಂದ ತೆರದಿದ್ದೂ ಎಲ್ಲಾ ಮತ್ತ ತೆರೀಲೇನು ಅಂತ. ಒಂದ ಸಾಲು ತುಂಬಾ ಇದ್ದೂ, ಎಲ್ಲಾ ಮಷಿನ್ ಜೋರ್ ಮಾಡೂ ವಿಡಿಯೋನ. ಬ್ಯಾಡ ಅಂತ ಒತ್ತಿದೆ. ಅಷ್ಟೂ ಹೊತಗೊಂಡು ಅದರ ಹೆಂಗ ಓಡೀತ್ರಿ?"

ನೀಲಕಂಠ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕೂತು ನಕ್ಕ. ಹಾಗಾದರೆ ವೇಗ ಕೊಟ್ಟವಳು ಕಾವೇರಿ. ಹದಿನಾರು ಕೊಟ್ಟದ್ದು ಬರೀ ಕಾಲು. ಇರಲಿ, ಸೀರೆ ಬಂದಿದೆ, ಬಸ್ಸಿಗೆ ಇನ್ನೂ ಹೊತ್ತಿದೆ ಎಂದು ಜ್ಞಾನೇಶ್ವರ ಸಮಾಧಾನ ಮಾಡಿಕೊಂಡು ಇಸ್ತ್ರಿ ಮಾಡಿದ ಅಂಗಿ ತೊಟ್ಟ.

ಅಷ್ಟರಲ್ಲಿ ಕಾವೇರಿಯ ಫೋನು ಹಾಡಿತು. ಅವಳು ಸೀರೆ ಉಟ್ಟ ಫೋಟೋವನ್ನು ತಂಗಿ ಮಾದೇವಿಗೆ ಕಳಿಸಿದ್ದಳು. ಮಾದೇವಿ ಅದನ್ನು ಮದುವೆಯಾಗುವ ಹುಡುಗನಿಗೆ, ಹುಡುಗ ತನ್ನ ತಾಯಿ ಸೋಮವ್ವನಿಗೆ ಕಳಿಸಿದ್ದರು. ಆ ಫೋಟೋ ಜಮಖಂಡಿ ಮುಟ್ಟಲು ಇಪ್ಪತ್ತೆರಡು ತಾಳವೂ ಹಿಡಿಯಲಿಲ್ಲ. ಸೋಮವ್ವನವರದು ಓಟದ ಶರ್ಯತ್ತಿನ ಎತ್ತು ಸಾಕುವ ಮನೆತನ. ಆಕೆಯೇ ಫೋನಿನಲ್ಲಿದ್ದಳು.

"ಹಿರೇ ಅಳ್ಯಾರ ಬರದಾರಂತಲ್ಲವಾ, ಏನ ಕೈ ಐತಿ ಅವರದು" ಎಂದಳು ಸೋಮವ್ವ. "ನಾಳೆ ನನಗ ಆಯೇರಿ ಮಾಡೂ ಉಡುಗೊರಿ ಸೀರಿನೂ ಅವರ ಬರೀಲಿ. ನಮಗ ನಾಯಿ ಬ್ಯಾಡ. ನಮ್ಮ ಎತ್ತು ಓಡೂದು ಬರಬೇಕು."

"ನಿಂತ ಎತ್ತು ಆದ್ರ ನಡೀತೈತೇನ ಕೇಳು" ಎಂದು ಜ್ಞಾನೇಶ್ವರ ಹೆಂಡತಿಗೆ ಸನ್ನೆ ಮಾಡಿದ.

ಅದು ಸೋಮವ್ವನಿಗೆ ಕೇಳಿಸಿತು. "ನಿಂತ ಎತ್ತು ನಮ್ಮ ಮನ್ಯಾಗ ಒಂದೂ ಇಲ್ಲರೀ" ಎಂದಳು.

ಬೀಗತಿಯ ಮಾತು, ಇಲ್ಲವೆನ್ನುವ ಹಾಗಿಲ್ಲ. ಶಂಕರೆಪ್ಪನಿಗೆ ಫೋನು ಮಾಡಿದರೆ ಅವನಿಗೆ ಹಬ್ಬ. ಕತ್ತಲಾಗುವುದರೊಳಗೆ ಪೆನ್‌ಡ್ರೈವ್ ಬಂದರೆ ಬೆಳಗಿನ ಪಾಳಿಯಲ್ಲಿ ನೇಯಿಸುತ್ತೇನೆ, ನೀನೇ ಒಯ್ದು ಊಟದ ಹೊತ್ತಿಗೆ ಮುಧೋಳ ಮುಟ್ಟು ಎಂದ. ಕಾವೇರಿ ಚೀಲ ಎತ್ತಿಕೊಂಡಳು.

"ನಾ ಮುಂದ ಹೋಗಿರ್ತೇನ್ರಿ. ನೀವು ಸೀರಿ ತಗೊಂಡ ಬರ್ರಿ. ಬರೀಗೈಲೆ ಬಂದು ಬೀಗತ್ಯಾರ ಮುಂದ ನನ್ನ ಮಾನಾ ಕಳೀಬ್ಯಾಡ್ರಿ." ಎಂಟು ಕಾಲಿನ ನಾಯಿಗಳು ಅವಳ ಹಿಮ್ಮಡಿಯ ಹಿಂದೆ ಓಡುತ್ತ ಬಸ್‌ಸ್ಟ್ಯಾಂಡಿನ ಕಡೆ ಹೋದವು.

ಜ್ಞಾನೇಶ್ವರ ಒಂದು ಎತ್ತು ಬರೆದ. ಅದು ನೀರು ಕುಡಿದು ನಿಂತ ಎತ್ತಿನ ಹಾಗೆ ಬಂತು. ಚಿಂತೆಯಿಲ್ಲ ಎಂದು ನೀಲಿ ಪರದೆಗೆ ಹೋಗಿ ಮತ್ತೆ ಹದಿನಾರು ಬರೆದು, ಎತ್ತನ್ನು ಸಾಲಾಗಿ ಹಚ್ಚಿ, ಪೆನ್‌ಡ್ರೈವಿಗೆ ಉಳಿಸಿ ತೆರೆದು ನೋಡಿದ. ನಾಲ್ಕೇ ಕಾಲು. ಇನ್ನೊಮ್ಮೆ ಉಳಿಸಿದ. ನಾಲ್ಕೇ ಕಾಲು.

"ಸಂಜೀ ತಂಪು, ಫ್ಯಾನ್ ಬ್ಯಾರೆ ಹಚ್ಚೇನಿ" ಎಂದ ನೀಲಕಂಠ. "ಥಂಡ ಆಗಿ ಶ್ಯಾಣ್ಯಾ ಆಗೈತಿ."

ಫ್ಯಾನು ಆರಿಸಿದರು. ಮಗ್ಗುಲ ತಗಡು ಮುಚ್ಚಿದರು. ನಾಲ್ಕೇ ಕಾಲು. ಸುಂದರವ್ವ ಇದಕ್ಕಾಗಿಯೇ ಮುಂಜಾನೆಯಿಂದ ಕಾದಿದ್ದವಳಂತೆ ಕೌದಿ ತಂದಳು. "ಆಗನ ಹೇಳಿದ್ದೆ, ಯಾರು ಕೇಳ್ತೀರಿ ನಮ್ಮಾತು" ಎನ್ನುತ್ತ ಕಂಪ್ಯೂಟರಿಗೆ ಬಾಣಂತಿಗೆ ಸುತ್ತುವ ಹಾಗೆ ಸುತ್ತಿದಳು. ಒಲೆಯಲ್ಲಿ ಕಾಯಿಸಿದ ಇಟ್ಟಿಗೆಯನ್ನು ಬಟ್ಟೆಯಲ್ಲಿ ಕಟ್ಟಿ ಮಗ್ಗುಲಿಗಿಟ್ಟಳು. ಮೂವರೂ ಉಸಿರು ಹಿಡಿದು ಪರದೆ ನೋಡಿದರು. ಕಂಪ್ಯೂಟರು ಅಷ್ಟು ಚುರುಕಾಗಿ ಎಂದೂ ಕೆಲಸ ಮಾಡಿರಲಿಲ್ಲ. ಎತ್ತುಗಳು ಪಟಪಟನೆ ಸಾಲಾಗಿ ಬಂದು ನಿಂತವು. ಒಂದೊಂದಕ್ಕೂ ನಾಲ್ಕು ಕಾಲು, ಒಂದೆಳೆಯೂ ತಪ್ಪಿರಲಿಲ್ಲ.

"ಮುಂಜಾನೆ ಕೆಡಬ್ಯಾಡ ಅಂದ್ರ ಕೆಟ್ಟಿ" ಎಂದು ಜ್ಞಾನೇಶ್ವರ ಕೌದಿಯ ಮೇಲೆ ಕೈಯಿಟ್ಟು ಅಂಗಲಾಚಿದ. "ಈಗ ಸ್ವಲ್ಪ ಕೆಡು ಮಾರಾಯಾ."

ಹೊರಗೆ ಕತ್ತಲಾಗುತ್ತಿತ್ತು. ಕೊನೆಗೆ ತನ್ನ ಕೈಯನ್ನೇ ನಂಬಿ, ಒಂದೊಂದು ಎತ್ತಿಗೂ ಇನ್ನೂ ನಾಲ್ಕು ಕಾಲು ತಾನೇ ಬರೆದ. ಮುಂದೆ ಎರಡು, ಹಿಂದೆ ಎರಡು, ಬಹಳ ಶ್ರದ್ಧೆಯಿಂದ. ನೀಲಕಂಠ ತಲೆ ಓರೆ ಮಾಡಿ ನೋಡಿ, ಸ್ಕ್ರೂಡ್ರೈವರನ್ನು ಕಿಸೆಗೆ ಹಾಕಿಕೊಂಡ. ಬೀಗತಿಯ ಒಪ್ಪಿಗೆ ತೆಗೆದುಕೊಂಡು ಬಿಡೋಣವೆಂದು ಜ್ಞಾನೇಶ್ವರ ಅದರ ಫೋಟೋವನ್ನು ಬಸ್ಸಿನಲ್ಲಿದ್ದ ಕಾವೇರಿಗೆ ಕಳಿಸಿದ. ಅದು ಮುಧೋಳದ ಮೇಲೆ ಹಾಯ್ದು ಜಮಖಂಡಿಗೆ ಹೋಯಿತು.

ಸ್ವಲ್ಪ ಹೊತ್ತಿಗೆ ಕಾವೇರಿಯ ಫೋನು ಬಂತು. "ಬೀಗತ್ಯಾರು ನೋಡ್ಯಾರ್ರಿ. ಜ್ಯಾಡರ ಹುಳ ಬಾಳ ಛಲೋ ಬಂದಾವಂತ. ಎತ್ತು ಯಾವಾಗ ಕಳಸ್ತೀರಿ ಅಂತ ಕೇಳಾಕತ್ತಾರ."

ಕಷ್ಟಕಾಲದಲ್ಲಿ ಯಾವತ್ತೂ ಕೈಬಿಡದ ಹಳೆಯ ಗೆಳೆಯನ ಕಡೆ ಜ್ಞಾನೇಶ್ವರನ ಮನಸ್ಸು ಓಡಿತು.

"ಕಾವೇರಿ, ಏನಂದ್ರ, ಇಲ್ಲಿ ಮಷಿನ್ ಸ್ಲೋ ಐತಿ."

"ಸುಳ್ಳ ಹೇಳಬ್ಯಾಡ್ರಿ" ಎಂದಳು ಕಾವೇರಿ, ನಗುತ್ತ, ಹೆಮ್ಮೆಯಿಂದ. "ಅಷ್ಟು ಜೋರ್ ಓಡೂ ಮಷಿನ್ ಬನಹಟ್ಟ್ಯಾಗ ಮತ್ತೊಂದಿಲ್ಲ ಅಂತ ಇಡೀ ಬಸ್ಸಿಗೆ ಹೇಳೇನಿ. ಅಪ್ಪಗೂ ಫೋನ್ ಮಾಡಿ ಹೇಳೇನಿ. ಇನ್ನ ಮ್ಯಾಲ ಆಮಿ ಮಾತು ಆಡೂದಿಲ್ಲಂತ."

ಫೋನು ಇಟ್ಟ ಸಪ್ಪಳವಾಯಿತು. ಜ್ಞಾನೇಶ್ವರ ಇಸ್ತ್ರಿ ಮಾಡಿದ ಅಂಗಿಯಲ್ಲೇ ಕುರ್ಚಿಗೆ ಒರಗಿದ. ಅವನ ಮೊಣಕೈ ತಪ್ಪಿ ಕೀಲಿಯೊಂದರ ಮೇಲೆ ಬಿತ್ತು. ಕೌದಿ ಹೊದ್ದ ಕಂಪ್ಯೂಟರು ಒಂದು ಕ್ಷಣವೂ ಕಾಯದೆ ಮೊದಲು ಬರೆದ ಆ ಎತ್ತನ್ನು ತಂದು, ನಾಲ್ಕು ಕಾಲಿನ ಮೇಲೆ ಅವನ ಎದುರು ನಿಲ್ಲಿಸಿತು.